ಮೊದಲು ನೆಲ ನೋಡಿ, ಆಮೇಲೆ ಶಾಕ್ ಆಯಿಲ್

ಹಾಬಿ ಅಂಗಡಿಯಲ್ಲಿ ಆರ್‌ಸಿ (ರಿಮೋಟಿನಿಂದ ಓಡಿಸುವ) ಆಫ್‌ರೋಡ್ ಕಾರುಗಳನ್ನು ರೇಸಿಗೆ ಸೆಟಪ್ ಮಾಡಿಕೊಡುವುದು ನನ್ನ ಕೆಲಸ. ಹೊಸಬರು ಬಂದ ಕೂಡಲೇ ಕೇಳುವುದು, "ಅಣ್ಣಾ, ಶಾಕ್‌ಗೆ ಎಷ್ಟರ ಆಯಿಲ್ ಹಾಕ್ಲಿ?" ಅಂತ. ಅಂದರೆ ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆ ಎಷ್ಟು ದಪ್ಪ ಇರಬೇಕು ಅಂತ. ನಾನು ತಿರುಗಿ ಕೇಳುತ್ತೇನೆ: ತಿರುವಿನಲ್ಲಿ ಕಾರು ಜಾರುತ್ತಾ, ಮಗುಚುತ್ತಾ?

ಪುಡಿಮಣ್ಣಿನಲ್ಲಿ ಹಿಡಿತ ಸಾಲದೆ ಜಾರುತ್ತದೆ. ಟ್ರ್ಯಾಕಿಗೆ ಹಾಸಿದ ಕಾರ್ಪೆಟ್ ಮೇಲೆ ಹಿಡಿತ ಜಾಸ್ತಿಯಾಗಿ, ಟೈರ್ ನೆಲ ಬಿಡದೆ, ಕಾರೇ ಪಲ್ಟಿಯಾಗುತ್ತದೆ. ಹಾಗಾಗಿ ಒಂದು ಕಡೆ ಗೆದ್ದ ಸೆಟಪ್ ಇನ್ನೊಂದು ಕಡೆ ಉಪಯೋಗಕ್ಕೆ ಬರುವುದಿಲ್ಲ. ಎಲೆಕ್ಟ್ರಿಕ್ ಆಫ್‌ರೋಡ್ ಆರ್‌ಸಿ ಕಾರುಗಳ ವಿಶ್ವ ಚಾಂಪಿಯನ್‌ಶಿಪ್ಪನ್ನೇ ನೋಡಿ: 2013ರಲ್ಲಿ ಕ್ಯಾಲಿಫೋರ್ನಿಯಾದ ಚಿಕೊದಲ್ಲಿ ಮಣ್ಣಿನ ಮೇಲೆ ನಡೆಯಿತು, 2015ರಲ್ಲಿ ಜಪಾನಿನ ಯತಾಬೆಯಲ್ಲಿ ಕೃತಕ ಹುಲ್ಲಿನ ಮೇಲೆ.

ಟೈರ್ ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಸಡಿಲ ಮಣ್ಣಿಗೆ ಎತ್ತರದ ಗುಬುಟುಗಳಿರುವ ಟೈರ್, ಕೃತಕ ಹುಲ್ಲಿಗೆ ಸಣ್ಣ ಪಿನ್ನುಗಳದ್ದು, ಒಳಾಂಗಣದ ಗಟ್ಟಿ ಜೇಡಿಗೆ ನುಣುಪಾದ ಸ್ಲಿಕ್. ಕಾರ್ಪೆಟ್ ಮೇಲೆ ಮಗುಚುತ್ತಿದ್ದರೆ ಮುಂದಿನ ಟೈರಿನ ಹೊರಗೋಡೆಗೆ ತೆಳ್ಳಗೆ ಸೂಪರ್ ಗ್ಲೂ ಬಳಿಯುತ್ತೇನೆ. ಅಂಚು ಗಟ್ಟಿಯಾದರೆ ಕಚ್ಚುವುದು ಕಡಿಮೆ. ನೂರಾರು ರೂಪಾಯಿಯ ಸ್ಪ್ರಿಂಗ್ ಕೊಳ್ಳುವ ಮುಂಚೆ ಇದನ್ನು ಮಾಡಿ ನೋಡಿ.

ಆಮೇಲೆ ರೈಡ್ ಹೈಟ್, ಅಂದರೆ ನೆಲದಿಂದ ಕಾರಿನ ತಳಕ್ಕಿರುವ ಎತ್ತರ. ಬ್ಯಾಟರಿ ಹಾಕಿ, ಕಾರನ್ನು ಗೇಣುದ್ದ ಎತ್ತರದಿಂದ ಬಿಟ್ಟು, ಅದು ತಾನಾಗಿ ಕೂತ ಮೇಲೆ ಅಳೆಯಬೇಕು. 1/10 ಬಗ್ಗಿಗೆ (ನಿಜ ಗಾಡಿಯ ಹತ್ತರಲ್ಲೊಂದು ಅಳತೆಯ ಆಫ್‌ರೋಡ್ ಕಾರು) ಮಣ್ಣಿನಲ್ಲಿ 22 ಮಿ.ಮೀ. ಆಸುಪಾಸು, ಕಾರ್ಪೆಟ್ಟಿಗೆ 16-17ರಿಂದ ಶುರುಮಾಡುತ್ತೇನೆ. ಮಣ್ಣಿಗೆ ಮೆತ್ತನೆಯ ಸ್ಪ್ರಿಂಗ್, ತೆಳು ಎಣ್ಣೆ. ಟೈರ್ ಉಬ್ಬುತಗ್ಗಿನ ಜೊತೆಗೇ ಹೋಗುತ್ತದೆ, ಥ್ರಾಟಲ್ ಕೊಟ್ಟಾಗ ತೂಕ ಹಿಂದಕ್ಕೆ ಸರಿದು ಹಿಂದಿನ ಟೈರನ್ನು ನೆಲಕ್ಕೆ ಒತ್ತುತ್ತದೆ. ಕಾರ್ಪೆಟ್ಟಿಗೆ ಗಟ್ಟಿ ಸ್ಪ್ರಿಂಗ್, ದಪ್ಪ ಎಣ್ಣೆ, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆಂಟಿ-ರೋಲ್ ಬಾರ್. ಟೂ-ವೀಲ್ ಡ್ರೈವ್‌ನಲ್ಲಿ ಮೋಟಾರಿನ ಜಾಗವೂ ಮುಖ್ಯ: ಸಡಿಲ ಮಣ್ಣಿಗೆ ಹಿಂದಿನ ಆಕ್ಸಲ್‌ನ ಆಚೆ, ಹಿಡಿತ ಹೆಚ್ಚಿದ್ದಲ್ಲಿ ನಡುವೆ.

ನಮ್ಮ ಕೆಂಪು ಮಣ್ಣಿನ ಟ್ರ್ಯಾಕ್ ಒಂದೇ ದಿನದಲ್ಲಿ ಬದಲಾಗುತ್ತದೆ. ನೀರು ಹೊಡೆದ ಬೆಳಿಗ್ಗೆ ಟೈರ್ ಕಚ್ಚಿ ಹಿಡಿಯುತ್ತದೆ, ಮಧ್ಯಾಹ್ನಕ್ಕೆ ಮೇಲೆಲ್ಲ ಧೂಳು. ಬಿಸಿಲಿಗೆ ಶಾಕಿನ ಸಿಲಿಕಾನ್ ಎಣ್ಣೆಯೂ ತೆಳುವಾಗುತ್ತದೆ. ಬೆಳಿಗ್ಗೆ 30 ವೇಟ್‌ನಲ್ಲಿ (ಎಣ್ಣೆಯ ದಪ್ಪದ ಅಂಕಿ; ಹೆಚ್ಚಿದಷ್ಟೂ ದಪ್ಪ) ಚೆನ್ನಾಗಿದ್ದ ಕಾರು ಮಧ್ಯಾಹ್ನ ಜಂಪ್ ಇಳಿಯುವಾಗ ತಳ ಬಡಿಯುತ್ತಿದ್ದರೆ 35 ಹಾಕಿ ನೋಡುತ್ತೇನೆ. ಒಮ್ಮೆಗೆ ಒಂದೇ ಬದಲಾವಣೆ, ಅದನ್ನು ಬರೆದಿಟ್ಟು ಮತ್ತೆ ಓಡಿಸುವುದು. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

1/8 ಬಗ್ಗಿಗೆ ಮೂರು ಡಿಫ್ (ಡಿಫರೆನ್ಷಿಯಲ್: ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇರುತ್ತವೆ. ಮುಂದೆ 5,000, ನಡುವೆ 7,000, ಹಿಂದೆ 3,000ದ ಎಣ್ಣೆಯಿಂದ ಶುರುಮಾಡಬಹುದು; ಇವೂ ದಪ್ಪದ ಅಂಕಿಗಳೇ. ಧೂಳಿನಲ್ಲಿ ಥ್ರಾಟಲ್ ಒತ್ತಿದರೆ ಕಾರು ತಿರುಗಿ ನಿಲ್ಲುತ್ತಿದ್ದರೆ ನಡುವಿನದನ್ನು ತೆಳು ಮಾಡಿ. ಬಿಚ್ಚಿ ತುಂಬಲು ಹೊತ್ತು ಹಿಡಿಯುತ್ತದೆ, ಅದಕ್ಕೇ ರೇಸಿನ ದಿನ ಡಿಫ್‌ಗೆ ನಾನು ಕೈಹಾಕುವುದು ಎಲ್ಲಕ್ಕಿಂತ ಕೊನೆಗೆ.