ಏಪ್ರಿಲ್ ಬಿಸಿಲಲ್ಲಿ ಹಳೇ ಬಿಎಸ್‌ಎ ಹತ್ತಿ ಹಂಪಿಗೆ ಹೊರಡುವವರಿಗೆ

ಹಿರಿಯೂರಿನಲ್ಲಿ ಟೀಗೆಂದು ಹತ್ತು ನಿಮಿಷ ನಿಲ್ಲಿಸಿದ್ದೇ ತಪ್ಪಾಯಿತು. ಗಾಡಿ ಮತ್ತೆ ಸ್ಟಾರ್ಟ್ ಆಗಲಿಲ್ಲ. ನನ್ನದು ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಮೋಟಾರ್‌ಬೈಕ್, ಬಿಎಸ್‌ಎ ಎಂ20, 500 ಸಿಸಿ ಸೈಡ್ ವಾಲ್ವ್. ಬೆಳಗ್ಗೆ ಬೆಂಗಳೂರಿನಲ್ಲಿ ಎರಡನೇ ಕಿಕ್ಕಿಗೇ ಎದ್ದಿತ್ತು. ಇಲ್ಲಿ ಮೊಣಕಾಲು ನೋವು ಬರುವಷ್ಟು ಒದ್ದರೂ ಒಂದು ಕೆಮ್ಮೂ ಇಲ್ಲ.

ಪಕ್ಕದ ಗ್ಯಾರೇಜಿನವರು ಪ್ಲಗ್ ಬಿಚ್ಚಿ, ಇಂಜಿನ್ನಿನ ತಲೆಗೆ ತಾಗಿಸಿ ಕಿಡಿ ನೋಡಿ ತೀರ್ಪು ಕೊಟ್ಟರು. “ಕರೆಂಟ್ ಬರ್ತಿಲ್ಲ ಸಾರ್. ಬಿಸಿಲಿಗೆ ಮ್ಯಾಗ್ನೆಟ್ ಸತ್ತೋಗಿದೆ. ಬಿಚ್ಚಿ, ಚಾರ್ಜ್ ಮಾಡಿಸೋಣ.”

ಹಳೇ ಗಾಡಿ ಇಟ್ಟುಕೊಂಡವರೆಲ್ಲ ಈ ಮಾತನ್ನು ಕೇಳಿರುತ್ತೀರಿ. ನಂಬುವ ಮೊದಲು ಸ್ವಲ್ಪ ಲೆಕ್ಕ ಹಾಕಿ. ಈ ಗಾಡಿಯಲ್ಲಿ ಪ್ಲಗ್ಗಿಗೆ ಕಿಡಿ ಕೊಡುವುದು ಮ್ಯಾಗ್ನೆಟೊ, ಆಯಸ್ಕಾಂತದ ನಡುವೆ ತಂತಿಯ ಸುರುಳಿ ತಿರುಗಿಸಿ ಕರೆಂಟ್ ಹುಟ್ಟಿಸುವ ಯಂತ್ರ. ನನ್ನದರಲ್ಲಿರುವುದು ಅಲ್ನಿಕೊ ಆಯಸ್ಕಾಂತ. ಕಬ್ಬಿಣಕ್ಕೆ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆಸಿ ಮಾಡಿದ್ದು. ಬಿಸಿ ಒಂದು ಡಿಗ್ರಿ ಏರಿದರೆ ಅದರ ಬಲ ಇಳಿಯುವುದು ಸುಮಾರು 0.02 ಶೇಕಡಾ ಅಷ್ಟೇ. ಬೆಳಗಿನ ತಂಪಿಗಿಂತ 60 ಡಿಗ್ರಿ ಜಾಸ್ತಿ ಕಾದರೂ ನಷ್ಟ ಒಂದು ಚಿಲ್ಲರೆ ಶೇಕಡಾ. ತಣ್ಣಗಾದ ಮೇಲೆ ಅದೂ ವಾಪಸ್ ಬರುತ್ತದೆ. ಅದು ಪೂರ್ತಿ ಆಯಸ್ಕಾಂತವೇ ಅಲ್ಲದಂತಾಗಲು 800 ಡಿಗ್ರಿಯ ಆಸುಪಾಸು ಬೇಕು. ಹಿರಿಯೂರು ಬಿಸಿಲು ಜೋರೇ, ಆದರೆ ಅಷ್ಟೊಂದಲ್ಲ!

ಜೊತೆಗೆ ಬಂದ ಗೆಳೆಯನದು ಯಮಹಾ ಆರ್‌ಎಕ್ಸ್100. ಅದರ ಫ್ಲೈವೀಲಿನಲ್ಲಿರುವುದು ಫೆರೈಟ್ ಎಂಬ ಬೇರೆ ಬಗೆಯ ಆಯಸ್ಕಾಂತ. ಬಿಸಿಗೆ ಅದೇ ಜಾಸ್ತಿ ಸೋಲುವುದು, ಡಿಗ್ರಿಗೆ 0.2 ಶೇಕಡಾ. 60 ಡಿಗ್ರಿಗೆ 12 ಶೇಕಡಾ ಹೋಯಿತು ಅಂದುಕೊಳ್ಳಿ. ಆದರೂ ಅವನ ಗಾಡಿ ಒಂದೇ ಕಿಕ್ಕಿಗೆ ಎದ್ದು ನನ್ನನ್ನು ಅಣಕಿಸುತ್ತಿತ್ತು.

ಹಾಗಾದರೆ ಕಳ್ಳ ಯಾರು? ಎಂ20ಯಲ್ಲಿ ಮ್ಯಾಗ್ನೆಟೊ ಕೂತಿರುವುದು ಸಿಲಿಂಡರಿನ ಬೆನ್ನಿಗೆ. ಓಡುವಾಗ ಒಂದಿಷ್ಟು ಗಾಳಿ ಸಿಗುತ್ತದೆ. ನಿಲ್ಲಿಸಿದ ತಕ್ಷಣ ಗಾಳಿ ಬಂದ್, ಸಿಲಿಂಡರಿನ ಕಾವೆಲ್ಲ ಅದರ ಮೈಗೇ ಇಳಿಯುತ್ತದೆ. ಇಂಜಿನ್ ಆಫ್ ಮಾಡಿದ ಹತ್ತು ನಿಮಿಷಕ್ಕೆ ಅದು ಓಡುವಾಗಿನದಕ್ಕಿಂತ ಜಾಸ್ತಿ ಕಾದಿರುತ್ತದೆ. ಒಳಗಿನ ತಾಮ್ರದ ತಂತಿಗೆ ಡಿಗ್ರಿಗೆ 0.39 ಶೇಕಡಾ ರೆಸಿಸ್ಟೆನ್ಸ್ ಏರುತ್ತದೆ. 60 ಡಿಗ್ರಿಗೆ ಕಾಲು ಭಾಗದಷ್ಟು ಹೆಚ್ಚಿದಂತಾಯಿತು. ನಿಧಾನವಾಗಿ ಒದ್ದಾಗ ಮೊದಲೇ ಕರೆಂಟ್ ಕಡಿಮೆ, ಅದರ ಮೇಲೆ ಇದು. ಇಷ್ಟಾದರೂ ಗಟ್ಟಿ ಮ್ಯಾಗ್ನೆಟೊ ತಡೆದುಕೊಳ್ಳುತ್ತದೆ. ತಡೆಯದಿರುವುದು ಆರ್ಮೇಚರಿನೊಳಗೆ, ಅಂದರೆ ತಂತಿ ಸುತ್ತಿದ ತಿರುಗುವ ಭಾಗದೊಳಗೆ, ಹುದುಗಿರುವ ಕಂಡೆನ್ಸರ್ (ಕರೆಂಟನ್ನು ಕ್ಷಣಕಾಲ ಹಿಡಿದಿಡುವ ಪುಟ್ಟ ಭಾಗ) ಮತ್ತು ವೈಂಡಿಂಗಿನ ಇನ್ಸುಲೇಶನ್. ಕಂಡೆನ್ಸರ್ ತಣ್ಣಗಿದ್ದಾಗ ಸಾಧು. ಕಾದರೆ ಸೋರುತ್ತದೆ, ಪ್ಲಗ್ಗಿಗೆ ಹೋಗಬೇಕಾದ ಕಿಡಿ ಸಾಯುತ್ತದೆ. ನಿಜವಾಗಿಯೂ ಆಯಸ್ಕಾಂತ ಸೋತಿದ್ದರೆ ಬೆಳಗ್ಗೆ ತಣ್ಣಗಿದ್ದಾಗಲೂ ಕಿಡಿ ಬಡಕಲಾಗಿರುತ್ತಿತ್ತು, ಅಲ್ವಾ?

ಗ್ಯಾರೇಜಿನವರು ಸ್ಪ್ಯಾನರ್ ಹಿಡಿದು ಬಂದಾಗ ಕೈಮುಗಿದು ಬೇಡ ಎಂದೆ. ಆರ್ಮೇಚರನ್ನು ಸುಮ್ನೆ ಹೊರಗೆ ಎಳೆದರೆ ಆಗಲೇ ಅಲ್ನಿಕೊ ಬಲ ಕಳೆದುಕೊಳ್ಳುವುದು. ಎಳೆಯುವ ಮುಂಚೆ ಎರಡೂ ಧ್ರುವಗಳಿಗೆ ಅಡ್ಡಲಾಗಿ ಮೆದು ಕಬ್ಬಿಣದ ಪಟ್ಟಿ ಇಡಬೇಕು. ಬಿಸಿಲು ಮಾಡದ ಹಾನಿಯನ್ನು ನಾವೇ ರಸ್ತೆಬದಿಯಲ್ಲಿ ಮಾಡುತ್ತಿದ್ದೆವು. ಆರ್‌ಎಕ್ಸ್ ಇಟ್ಟವರಿಗೂ ಒಂದು ಮಾತು: ಫ್ಲೈವೀಲನ್ನು ಸುತ್ತಿಗೆಯಿಂದ ಬಡಿದು ತೆಗೆಸಬೇಡಿ. ಪುಲ್ಲರ್ ಹಾಕಿಸಿ. ಫೆರೈಟ್ ಪಿಂಗಾಣಿಯ ಹಾಗೆ, ಬಿರುಕು ಬಿಡುತ್ತದೆ.

ಗಾಡಿಯನ್ನು ಬೇವಿನ ಮರದ ಕೆಳಗೆ ತಳ್ಳಿ ಮುಕ್ಕಾಲು ಗಂಟೆ ಕೂತೆವು. ನೀರು ಸುರಿಯಲಿಲ್ಲ, ನೀವೂ ಸುರಿಯಬೇಡಿ. ಪ್ಲಗ್ ಗ್ಯಾಪನ್ನು 0.4 ಮಿಲಿಮೀಟರಿಗೆ ಇಳಿಸಿದೆ. ಹ್ಯಾಂಡಲ್ ಮೇಲೆ ಕಿಡಿ ಹಾರುವ ಹೊತ್ತನ್ನು ಬದಲಿಸುವ ಟೈಮಿಂಗ್ ಲಿವರನ್ನು ಪೂರ್ತಿ ಹಿಂದೆ ಎಳೆಯದೆ ಅರ್ಧಕ್ಕೆ ಬಿಟ್ಟೆ. ಈ ಬಗೆಯ ಮ್ಯಾಗ್ನೆಟೊದಲ್ಲಿ ಪೂರ್ತಿ ರಿಟಾರ್ಡ್ ಮಾಡಿದರೆ, ಅಂದರೆ ಕಿಡಿಯನ್ನು ತಡವಾಗಿಸಿದರೆ, ಕಿಡಿಯೂ ಸೊರಗುತ್ತದೆ. ಕಾಲು ಮಾತ್ರ ಜೋಪಾನ, ಕಿಕ್ಕರ್ ತಿರುಗಿ ಹೊಡೆಯಬಹುದು. ಮೂರನೇ ಒದೆತಕ್ಕೆ ಎದ್ದಿತು.

ನಾವು ಆರೂವರೆಗೆ ಹೊರಟು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಒಂದು ಗಂಟೆ ಕಳೆದಿದ್ದೆವು. ಇಡ್ಲಿ ಬಗ್ಗೆ ಪಶ್ಚಾತ್ತಾಪವಿಲ್ಲ, ಹೊರಟ ಹೊತ್ತಿನ ಬಗ್ಗೆ ಇದೆ. ನೀವು ನಾಲ್ಕೂವರೆಗೇ ಹೊರಡಿ. 55-60ರ ವೇಗದಲ್ಲಿ ಹೋದರೂ ಹತ್ತರೊಳಗೆ 200 ಕಿಲೋಮೀಟರ್ ಮುಗಿದು ಚಿತ್ರದುರ್ಗ ಸಿಗುತ್ತದೆ. ಅಲ್ಲಿ ಊಟ, ನಿದ್ದೆ. ಬಿಸಿಲು ಇಳಿದ ಮೇಲೆ ಕೂಡ್ಲಿಗಿ ದಾರಿಯಲ್ಲಿ ಹೊಸಪೇಟೆ. ದಾರಿಯಲ್ಲಿ ಎರಡು ನಿಮಿಷದ ಕೆಲಸವಿದ್ದರೆ ಇಂಜಿನ್ ಆಫ್ ಮಾಡಬೇಡಿ. ಆಫ್ ಮಾಡಿದರೆ ಮುಕ್ಕಾಲು ಗಂಟೆ ಬಿಡಿ. ಹತ್ತು ನಿಮಿಷದ ಟೀ ಮಾತ್ರ ಬೇಡ.

ವಾಪಸ್ ಬಂದು ಬಿಚ್ಚಿಸಿದಾಗ, ಹಿಂದೆ ರಿವೈಂಡ್ ಮಾಡಿದವರು (ತಂತಿ ಹೊಸದಾಗಿ ಸುತ್ತಿದವರು) ಹಾಕಿದ್ದ ಅಗ್ಗದ ಕಂಡೆನ್ಸರ್ ಸಿಕ್ಕಿತು. ಕಾದಾಗ ಸೋರುತ್ತಿದ್ದುದು ಅದೇ. ಆಯಸ್ಕಾಂತಕ್ಕೆ ಏನೂ ಆಗಿರಲಿಲ್ಲ. ನೀವೂ ಹೊರಡುವ ಮುಂಚೆ ರಿವೈಂಡ್ ಮಾಡಿಸುವುದಾದರೆ, ಮ್ಯಾಗ್ನೆಟೊವನ್ನು ಕೈ ಇಡಲಾಗದಷ್ಟು ಬಿಸಿ ಮಾಡಿ, ನಿಧಾನಕ್ಕೆ ತಿರುಗಿಸಿ ಕಿಡಿ ತೋರಿಸಲು ಹೇಳಿ. ತಣ್ಣಗಿದ್ದಾಗ ತೋರಿಸಿದರೆ ದುಡ್ಡು ಕೊಡಬೇಡಿ.