ನಾಲ್ಕು ಓಮಿನ ಸ್ಪೀಕರ್ ಹಚ್ಚಿದರೆ ವಾಲ್ವ್ ಆಂಪ್ಲಿಫೈಯರ್ ಸುಡುತ್ತದೆಯೇ?

"ಸರ್, ಹಿಂದ ಎಂಟು ಓಮ್ ಅಂತ ಬರದಾರ. ನಾಲ್ಕು ಓಮಿನ ಸ್ಪೀಕರ್ ಹಚ್ಚಿದ್ರ ನಡೀತದೇನ್ರಿ?" ಹಳೆಯ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರ್ ಹಿಡಿದುಕೊಂಡು ಕಲಬುರಗಿಯ ನಮ್ಮ ಮನೆಗೆ ಬರುವವರು ಹೆಚ್ಚಾಗಿ ಕೇಳುವುದು ಇದನ್ನೇ. ವಾಲ್ಯೂಮ್ ಕಡಿಮೆ ಇಟ್ಟರೆ ಕೆಲ ಕಾಲ ನಡೆಯುತ್ತದೆ, ಆದರೆ ಅದು ಸರಿಯಾದ ಜೋಡಣೆಯಲ್ಲ ಎನ್ನುವುದು ನನ್ನ ಉತ್ತರ. ಸ್ಪೀಕರೇ ಇಲ್ಲದೆ ಸೆಟ್ ನುಡಿಸುವುದು ಮಾತ್ರ ಎಂದಿಗೂ ಕೂಡದು.

ವಾಲ್ವಿಗೂ ಸ್ಪೀಕರಿಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ತನ್ನದೆಂಬ ಇಂಪೀಡೆನ್ಸ್ (ಎಸಿ ಕರೆಂಟಿಗೆ ಒಡ್ಡುವ ತಡೆ, ಓಮಿನಲ್ಲಿ ಅಳೆಯುವುದು) ಇಲ್ಲ. ಸ್ಪೀಕರಿನ ಕಡೆಯ ಸುರುಳಿಯಾದ ಸೆಕೆಂಡರಿಗಿಂತ ವಾಲ್ವಿನ ಕಡೆಯ ಸುರುಳಿಯಾದ ಪ್ರೈಮರಿಯಲ್ಲಿ ಎಷ್ಟು ಪಟ್ಟು ಸುತ್ತುಗಳಿವೆಯೋ ಆ ಸಂಖ್ಯೆಯ ವರ್ಗದಷ್ಟು ಪಟ್ಟು ಹೆಚ್ಚಿಸಿ, ಅದು ಸ್ಪೀಕರಿನ ಓಮನ್ನು ವಾಲ್ವಿಗೆ ತೋರಿಸುತ್ತದೆ. ಒಂಟಿ ಇಎಲ್84 ವಾಲ್ವಿಗೆ 250 ವೋಲ್ಟಿನಲ್ಲಿ ಸುಮಾರು 5,200 ಓಮಿನ ಲೋಡ್ ಒಪ್ಪುತ್ತದೆ. ಸುತ್ತುಗಳ ಅನುಪಾತ 25.5 ಇದ್ದರೆ ಅದರ ವರ್ಗ ಸುಮಾರು 650, ಅದನ್ನು ಎಂಟರಿಂದ ಗುಣಿಸಿದರೆ 5,200. ಅಲ್ಲಿಗೇ ನಾಲ್ಕು ಓಮ್ ಹಚ್ಚಿದರೆ ವಾಲ್ವಿಗೆ ಕಾಣುವುದು 2,600 ಓಮ್ ಮಾತ್ರ; ಆಗ ಪವರ್ ತಗ್ಗುತ್ತದೆ, ದನಿ ಒಡೆಯುತ್ತದೆ, ಜೋರಾಗಿ ನುಡಿಸಿದರೆ ವಾಲ್ವ್ ಬೇಗ ಸವೆಯುತ್ತದೆ.

ಟ್ರಾನ್ಸ್‌ಫಾರ್ಮರಿನ ಮೇಲಿನ ಬರಹ ಅಳಿಸಿಹೋಗಿದ್ದರೆ ಅದನ್ನು ಸರ್ಕ್ಯೂಟಿನಿಂದ ಪೂರ್ತಿ ಬಿಡಿಸಿ, ಪ್ರೈಮರಿಗೆ 12 ವೋಲ್ಟ್ ಎಸಿ ಕೊಟ್ಟು ಸೆಕೆಂಡರಿಯನ್ನು ಅಳೆಯುತ್ತೇನೆ. ಮೀಟರ್ 0.47 ವೋಲ್ಟ್ ತೋರಿಸಿತೆಂದರೆ ಅನುಪಾತ 25.5 ಎಂದು ತಿಳಿಯುತ್ತದೆ. ಸ್ಪೀಕರಿನ ವಿಷಯದಲ್ಲಿ ಈ ಮೀಟರನ್ನು ಪೂರ್ತಿ ನಂಬಲಾಗದು. ಎಂಟು ಓಮಿನ ಸ್ಪೀಕರ್ ಅದರಲ್ಲಿ ಆರರ ಆಸುಪಾಸಿನಲ್ಲಿ ಕಾಣುತ್ತದೆ, ಏಕೆಂದರೆ ಮೀಟರ್ ಅಳೆಯುವುದು ಕಾಯಿಲ್ ತಂತಿಯ ಡಿಸಿ ರೋಧವನ್ನು. ನುಡಿಯುವಾಗ ಅದರ ಇಂಪೀಡೆನ್ಸ್ ಸ್ವರದಿಂದ ಸ್ವರಕ್ಕೆ ಬದಲಾಗುತ್ತಿರುತ್ತದೆ.

ನಮ್ಮಲ್ಲಿ ಜಾತ್ರೆ, ಉರುಸಿಗೆ ಮೈಕ್ ಸೆಟ್ ಕಟ್ಟುವ ಹುಡುಗರು ಕೈ ಪಳಗಿಸಿಕೊಂಡದ್ದು ಟ್ರಾನ್ಸಿಸ್ಟರ್ ಸೆಟ್ಟುಗಳ ಮೇಲೆ. ಓಮ್ ಕಡಿಮೆಯಾದರೆ ಸುಡುತ್ತದೆ, ಸ್ಪೀಕರ್ ಬಿಚ್ಚಿಟ್ಟರೆ ಏನೂ ಆಗದು ಎಂಬ ಅವರ ತಿಳಿವಳಿಕೆ ಆ ಸೆಟ್ಟುಗಳ ಮಟ್ಟಿಗೆ ಸರಿ. ವಾಲ್ವಿನಲ್ಲಿ ದೊಡ್ಡ ಅಪಾಯ ಇರುವುದು ಬಿಚ್ಚಿಟ್ಟಲ್ಲಿಯೇ. ಸ್ಪೀಕರ್ ಇಲ್ಲದಾಗ ಸಿಗ್ನಲ್ ಬಂದರೆ ಪ್ರೈಮರಿಯಲ್ಲಿ ತುಂಬಿದ ಕಾಂತಶಕ್ತಿಗೆ ಹೊರದಾರಿ ಸಿಗದೆ, ವೋಲ್ಟೇಜು ಸಾವಿರಗಳಿಗೆ ಏರಿ ತಂತಿಯ ನಡುವಿನ ಇನ್ಸುಲೇಶನ್ನನ್ನು ಸೀಳಬಲ್ಲದು. ಒಮ್ಮೆ ಇಎಲ್34 ವಾಲ್ವ್ ಹಾಕಿದ ಒಂದು ಸೆಟ್ಟಿನ ಸಾಕೆಟ್ ಬಿಚ್ಚಿ ಬೆಳಕಿಗೆ ಹಿಡಿದಾಗ, ಪ್ರೈಮರಿಗೆ ಕೂಡುವ ಆನೋಡಿನ 3ನೇ ಪಿನ್ನಿನಿಂದ ಹೀಟರಿನ 2ನೇ ಪಿನ್ನಿನವರೆಗೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಕಂಡಿತು. ಕಿಡಿ ಹಾರಿ ಕರಕಲಾದ ಆ ದಾರಿಯಲ್ಲಿ ಮತ್ತೆ ಮತ್ತೆ ಕರೆಂಟು ಹರಿಯುವುದರಿಂದ, ಉಜ್ಜಿ ತೊಳೆಯುವ ಗೋಜಿಗೆ ಹೋಗದೆ ಸಾಕೆಟ್ಟನ್ನೇ ಬದಲಿಸಿದೆ. ಟ್ರಾನ್ಸ್‌ಫಾರ್ಮರ್ ಉಳಿದಿತ್ತು; ಅದೂ ಹೋಗಿದ್ದರೆ ರಿವೈಂಡಿಂಗ್ ಮಾಡಿಸುವುದಲ್ಲದೆ ಬೇರೆ ದಾರಿ ಇರಲಿಲ್ಲ.

ಎಂಟು ಓಮಿನ ಎರಡು ಸ್ಪೀಕರ್ ಪ್ಯಾರಲಲ್ ಕಟ್ಟಿದರೆ ನಾಲ್ಕಾಗುತ್ತದೆ, ಸೀರೀಸಿನಲ್ಲಿ ಹದಿನಾರಾಗುತ್ತದೆ. ಸೆಟ್ಟಿನ ಹಿಂದೆ 4, 8, 16 ಎಂಬ ಟ್ಯಾಪುಗಳಿದ್ದರೆ (ಬೇರೆ ಬೇರೆ ಓಮಿನ ಸ್ಪೀಕರಿಗೆಂದು ಸೆಕೆಂಡರಿಯಿಂದ ತೆಗೆದ ತುದಿಗಳು) ಲೆಕ್ಕಕ್ಕೆ ಹೊಂದುವುದನ್ನೇ ಆರಿಸಿರಿ. ಸ್ಪೀಕರ್ ಇನ್ನೂ ಕೈಸೇರದೆ ಸೆಟ್ ಪರೀಕ್ಷಿಸಬೇಕಾದರೆ, ಆಂಪ್ಲಿಫೈಯರಿನ ಪವರಿಗಿಂತ ಎರಡು ಪಟ್ಟು ವ್ಯಾಟ್ ತಾಳುವ ಎಂಟು ಓಮಿನ ರೆಸಿಸ್ಟರನ್ನು ಎಂಟರ ಟ್ಯಾಪಿಗೆ ಬಿಗಿದ ಮೇಲೆಯೇ ಸ್ವಿಚ್ ಹಾಕಿರಿ.