ಎಣ್ಣೆ ಹಚ್ಚಲ್ವಾ?

ಹಚ್ಚಲ್ಲ. ಬಟ್ಟೆ ಬಿಚ್ಚುವುದೂ ಬೇಡ. ಸಡಿಲವಾದ ಬಟ್ಟೆ ಹಾಕಿಕೊಂಡು ನೆಲದ ಮೇಲಿನ ಹಾಸಿಗೆಯಲ್ಲಿ ಮಲಗಿದರೆ ಸಾಕು. ಶಿಯಾಟ್ಸು, ಅಂದರೆ ಬೆರಳಿನಿಂದ ಮೈ ಒತ್ತುವ ಜಪಾನಿ ವಿದ್ಯೆ, ಮಾಡ್ತೀನಿ ಅಂದಕೂಡಲೇ ಜನ ಕೇಳುವುದು ಎಣ್ಣೆ ವಿಚಾರವೇ. ಇಲ್ಲ ಅಂದರೆ "ಹಾಗಾದ್ರೆ ಅದೆಂಥಾ ಮಸಾಜು?" ಅಂತ ದುಡ್ಡು ಕೊಟ್ಟು ಮೋಸ ಹೋದವರ ಹಾಗೆ ಮುಖ ಮಾಡುತ್ತಾರೆ. ಇನ್ನೂ ಒಂದು ಪೈಸೆ ಬಿಚ್ಚಿರುವುದಿಲ್ಲ.

ಮಸಾಜ್ ಅಲ್ಲ ಸ್ವಾಮಿ. ಇದು ನನ್ನ ಹಟವಲ್ಲ. ಅಲ್ಲಿನ ಹಳೆಯ ಮೈ ನಾದುವ ಪದ್ಧತಿ ಅನ್ಮಾ, ಪಶ್ಚಿಮದ ಮಸಾಜ್, ಶಿಯಾಟ್ಸು ಈ ಮೂರೂ ಬೇರೆ ಬೇರೆ ಅಂತ ಜಪಾನಿನ ಕಾನೂನು 1964ರಲ್ಲೇ ಒಪ್ಪಿಕೊಂಡಿದೆ. ಲೈಸೆನ್ಸ್ ಮಾತ್ರ ಮೂರಕ್ಕೂ ಸೇರಿ ಒಂದೇ. ಅದನ್ನು ಹಿಡಿದುಕೊಂಡು ವಾದಕ್ಕೆ ಬರಬೇಡಿ. ಆ ಲೈಸೆನ್ಸಿಗೆ ಅಲ್ಲಿ ಮೂರು ವರ್ಷ ಓದಿ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಬೇಕು.

ಇದನ್ನು ಮನೆಮಾತು ಮಾಡಿದವರು 1905ರಲ್ಲಿ ಹುಟ್ಟಿದ ಟೊಕುಜಿರೊ ನಾಮಿಕೋಶಿ. ಉತ್ತರದ ಹೊಕ್ಕೈಡೊ ದ್ವೀಪಕ್ಕೆ ವಲಸೆ ಹೋದ ಬಡ ಕುಟುಂಬ, ಕೀಲುನೋವಿನ ತಾಯಿ. ಹುಡುಗ ಅವಳ ಮೈ ಒತ್ತುತ್ತಾ ಒತ್ತುತ್ತಾ ಕಲಿತ. 1940ರಲ್ಲಿ ಟೋಕಿಯೋದಲ್ಲಿ ಶಾಲೆಯನ್ನೇ ತೆರೆದ. 1954ರಲ್ಲಿ ಜಪಾನಿಗೆ ಬಂದಿದ್ದ ಮರ್ಲಿನ್ ಮನ್ರೋಗೂ ಚಿಕಿತ್ಸೆ ಕೊಟ್ಟ. ಇಷ್ಟೆಲ್ಲ ಹೇಳಿದರೆ ಕೇಳುವವರ ಕಣ್ಣು ಅರಳುವುದು ಮನ್ರೋ ಹೆಸರಿಗೆ ಮಾತ್ರ.

ಕೆಲಸ ನೋಡಲು ಏನೂ ಅಲ್ಲ ಅನ್ನಿಸುತ್ತದೆ. ಹೆಬ್ಬೆರಳಿನ ತುದಿಯಲ್ಲ, ಮೆತ್ತನೆಯ ಭಾಗ ಊರಬೇಕು. ಮೊಣಕೈ ನೇರ ಇರಬೇಕು. ತೋಳಿನ ಬಲ ಹಾಕಿದವರು ಸಂಜೆಗೆ ಸುಸ್ತು. ಸೊಂಟದಿಂದ ಮುಂದಕ್ಕೆ ವಾಲಿ ಮೈಭಾರವನ್ನೇ ಇಳಿಸಬೇಕು. ಮಲಗಿದವರು ಉಸಿರು ಬಿಡುವಾಗ ಇಳಿಸಿ, ಮೂರೋ ಐದೋ ಸೆಕೆಂಡು ನಿಂತು, ಮೆಲ್ಲಗೆ ಎತ್ತಬೇಕು. ಮಸುನಾಗ ಅನ್ನುವ ಇನ್ನೊಬ್ಬ ಜಪಾನಿ ಗುರುವಿನ ಪದ್ಧತಿಯಲ್ಲಿ ಇನ್ನೊಂದು ಕೈ ಅಲುಗದೆ ಮೈಮೇಲೆ ಇರುತ್ತದೆ. ಸುಮ್ಮನಿರುವ ಆ ಕೈಯೇ ಕಷ್ಟ.

ಒಂದು ಗೃಹಪ್ರವೇಶದಲ್ಲಿ ಊಟ ಮುಗಿದಿತ್ತು. ರಾತ್ರಿಯಿಡೀ ಬಸ್ಸಲ್ಲಿ ಕೂತು ಬಂದಿದ್ದ ಬೀಗರೊಬ್ಬರು ಪಂಚೆ ಸರಿಸಿ ಕಾಲು ಚಾಚಿದರು. "ಇಲ್ಲೊಂಚೂರು ಒತ್ತಮ್ಮ, ನಿನ್ನ ವಿದ್ಯೆ ನೋಡೋಣ." ಒಂದು ಮೀನಖಂಡ ಮಾತ್ರ ಊದಿ ಬಿಗಿದಿತ್ತು, ಮುಟ್ಟಿದರೆ ಬಿಸಿ. ಒತ್ತಲ್ಲ, ಈಗಲೇ ಆಸ್ಪತ್ರೆಗೆ ಹೋಗಿ ಅಂದೆ. "ಬರಲ್ಲ ಅನ್ನು, ಪರವಾಗಿಲ್ಲ" ಅಂದರು, ಸುತ್ತ ನಗು. ಅವರ ಹೆಂಡತಿ ತಾವೇ ಉಜ್ಜಲು ಕೂತಾಗ ನಾನು ಕೈ ಹಿಡಿದು ಎಳೆದೆ. ಆ ಮನೆಯಲ್ಲಿ ನನಗೆ ಇವತ್ತಿಗೂ ಕೊಬ್ಬಿನವಳು ಅಂತಲೇ ಹೆಸರು.

ಯಾರಿಗೆ ಒತ್ತಬಾರದು ಅಂತ ಒಬ್ಬರಾದರೂ ಕೇಳಬಾರದೇ? ಹಾಗೆ ಊದಿದ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಜ್ವರ ಇದ್ದರೆ ಬೇಡ. ಮೂಳೆ ಮುರಿದಲ್ಲಿ, ಗಾಯದ ಮೇಲೆ ಬೇಡವೇ ಬೇಡ. ಮೂಳೆ ಸವೆದ ಅಜ್ಜಿಯರಿಗೆ, ಬಸುರಿಯರಿಗೆ, ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಡಾಕ್ಟರನ್ನು ಕೇಳಿಯೇ ಮುಂದಿನ ಮಾತು.

ಅದು ಬಿಟ್ಟು "ಶುಗರ್ ಇಳಿಸೋ ಪಾಯಿಂಟ್ ಎಲ್ಲಿದೆ?" ಅಂತಾರೆ. ನನ್ನ ಹತ್ತಿರ ಇಲ್ಲ. ಮೈ ಹಗುರಾಗುತ್ತದೆ, ಬಿಗಿದ ಭುಜ ಸಡಿಲವಾಗುತ್ತದೆ, ಎಷ್ಟೋ ಜನ ಅಲ್ಲೇ ಗೊರಕೆ ಹೊಡೆಯುತ್ತಾರೆ. ನಾನು ದುಡ್ಡು ತಗೊಳ್ಳೋದು ಅಷ್ಟಕ್ಕೇ. ಬರೋದಾದ್ರೆ ಹೊಟ್ಟೆ ಬಿರಿಯ ಉಂಡು ಬರಬೇಡಿ, ಹೊಟ್ಟೆಯನ್ನೂ ಒತ್ತುತ್ತೇನೆ.